ದಿನಕ್ಕೊಂದೇ ವಿಮಾನ ಬರುವ ಊರು

ಕೇಳುಗರೇ, ನಮಸ್ಕಾರ.

ದಿನಕ್ಕೆ ಒಂದೇ ವಿಮಾನ, ಅದೂ ವಾರದ ಎಲ್ಲ ದಿನ ಇಲ್ಲ. ಆ ಒಂದಕ್ಕಾಗಿ ಬೆಳಗ್ಗೆ ಜೀಪಿನಲ್ಲಿ ರನ್‌ವೇ ಉದ್ದಕ್ಕೂ ಹೋಗಿ ಕಲ್ಲು, ಬೋಲ್ಟು, ಸತ್ತ ಹಕ್ಕಿ ಏನಾದರೂ ಬಿದ್ದಿದೆಯೇ ಎಂದು ನೋಡಿ ಬರಬೇಕು. ಅಗ್ನಿಶಾಮಕದವರು ಸಜ್ಜಾಗಿರಬೇಕು. ಬ್ಯಾಗ್ ತಪಾಸಣೆಯ ಯಂತ್ರ, ಅದನ್ನು ನೋಡಲು ತರಬೇತಾದವರು, ಪೊಲೀಸರು, ಗಾಳಿ ಮತ್ತು ಮೋಡದ ವರದಿ ಕೊಡುವವರು, ವಿಮಾನದ ಜೊತೆ ರೇಡಿಯೋದಲ್ಲಿ ಮಾತಾಡುವವರು, ಎಲ್ಲರೂ ಇರಬೇಕು. ವಿಮಾನ ಬಂದು ಅರ್ಧ ಗಂಟೆಯಲ್ಲಿ ತಿರುಗಿ ಹೋಗುತ್ತದೆ. ಖರ್ಚು ಮಾತ್ರ ಇಡೀ ದಿನದ್ದು. ಬೀದರ್, ಕಲಬುರಗಿಯಂಥ ನಿಲ್ದಾಣಗಳ ಕಷ್ಟ ಇಲ್ಲಿಂದಲೇ ಶುರು.

ಇಂಥ ಊರುಗಳಿಗಾಗಿ ಕೇಂದ್ರ ಸರ್ಕಾರ 2016ರ ಅಕ್ಟೋಬರಿನಲ್ಲಿ ಉಡಾನ್ ಯೋಜನೆ ತಂದಿತು. 2017ರ ಏಪ್ರಿಲ್ 27ರಂದು ಶಿಮ್ಲಾ ಮತ್ತು ದೆಹಲಿ ನಡುವೆ ಮೊದಲ ವಿಮಾನ ಹಾರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯ ವಿದ್ಯಾನಗರದಿಂದ ಹೈದರಾಬಾದಿಗೆ ಸೇವೆ ಶುರುವಾಯಿತು. ಕಲಬುರಗಿಗೆ ವಿಮಾನ ಬಂದದ್ದು 2019ರ ನವೆಂಬರ್ 22ಕ್ಕೆ, ಬೀದರಿಗೆ 2020ರ ಫೆಬ್ರುವರಿ 7ಕ್ಕೆ.

ಯೋಜನೆಯ ತಿರುಳು ಸರಳ. ಒಂದು ತಾಸಿನ, ಅಂದರೆ ಸುಮಾರು 500 ಕಿಲೋಮೀಟರ್ ಹಾರಾಟಕ್ಕೆ ಟಿಕೆಟ್ 2,500 ರೂಪಾಯಿ ದಾಟಬಾರದು ಎಂದು ಶುರುವಿನಲ್ಲಿ ಮಿತಿ ಹಾಕಿದರು. ಆ ದರಕ್ಕೂ ನಿಜವಾದ ಖರ್ಚಿಗೂ ನಡುವಿನ ಕೊರತೆಯನ್ನು ಸರ್ಕಾರ ತುಂಬಿಕೊಡುತ್ತದೆ. ಯಾವ ಕಂಪನಿ ಅತಿ ಕಡಿಮೆ ಸಹಾಯಧನ ಕೇಳುತ್ತದೋ ಆ ಕಂಪನಿಗೆ ಮಾರ್ಗ, ಮೂರು ವರ್ಷ ಬೇರೆ ಯಾರೂ ಉಡಾನ್ ಹೆಸರಲ್ಲಿ ಆ ಮಾರ್ಗಕ್ಕೆ ಬರುವಂತಿಲ್ಲ. ಹಾರಿದ ಹಾರಾಟಕ್ಕಷ್ಟೇ ಹಣ.

ಆದರೆ ಈ ದರ ವಿಮಾನದ ಎಲ್ಲ ಸೀಟಿಗೂ ಅಲ್ಲ. ಅರ್ಧದಷ್ಟು ಸೀಟಿಗೆ, ಕಡಿಮೆಯೆಂದರೆ 9, ಹೆಚ್ಚೆಂದರೆ 40. ಉಳಿದ ಸೀಟಿನ ದರ ಬೇಡಿಕೆ ಇದ್ದಷ್ಟು ಏರುತ್ತದೆ. ಹಾಗಾಗಿ ಪಕ್ಕದಲ್ಲಿ ಕೂತವರು ನಿಮಗಿಂತ ದುಪ್ಪಟ್ಟು ಕೊಟ್ಟಿರಬಹುದು. ಇದಕ್ಕೆ ಬೇರೆ ಕೌಂಟರ್ ಇಲ್ಲ, ಆದಾಯ ಪ್ರಮಾಣಪತ್ರ ಕೇಳುವುದಿಲ್ಲ, ಬಡವ ಶ್ರೀಮಂತ ಭೇದವಿಲ್ಲ. ಮೊದಲು ಕೊಂಡವರಿಗೆ ಸಿಕ್ಕಿತು, ಅಷ್ಟೇ. ಹೋಗುವುದು ಖಚಿತವಿದ್ದರೆ ಮುಂಚೆಯೇ ಬುಕ್ ಮಾಡಿ ಎನ್ನುವುದು ಇದಕ್ಕೇ.

ಹಣ ಎಲ್ಲಿಂದ ಬರುತ್ತದೆ? ದೊಡ್ಡ ಮಾರ್ಗಗಳಲ್ಲಿ ಹಾರುವ ಪ್ರತಿ ವಿಮಾನದ ಮೇಲೂ ಒಂದು ಸುಂಕ ಹಾಕಿದ್ದಾರೆ. ಮೊದಲ ಬಾರಿ ಅದು ದೂರಕ್ಕೆ ತಕ್ಕಂತೆ 7,500ರಿಂದ 8,500 ರೂಪಾಯಿ ಇತ್ತು. ಬೆಂಗಳೂರಿನಿಂದ ದೆಹಲಿಗೆ 180 ಸೀಟಿನ ವಿಮಾನ ಹೋದರೆ ತಲೆಗೆ 47 ರೂಪಾಯಿ ಬಿತ್ತು ಅನ್ನಿ. ಆ ನಿಧಿಯಿಂದ ಸಹಾಯಧನದ ಶೇಕಡಾ 80, ರಾಜ್ಯ ಸರ್ಕಾರದಿಂದ ಶೇಕಡಾ 20. ಇದಲ್ಲದೆ ವಿಮಾನ ಇಳಿಸುವ, ನಿಲ್ಲಿಸುವ ಶುಲ್ಕ ಮಾಫಿ. ಇಂಧನದ ಮೇಲಿನ ವ್ಯಾಟ್ ಶೇಕಡಾ 1ಕ್ಕಿಂತ ಹೆಚ್ಚಿಸದಿರಲು ರಾಜ್ಯ ಒಪ್ಪಬೇಕು, ಪೊಲೀಸ್ ಮತ್ತು ಅಗ್ನಿಶಾಮಕ ಸೇವೆಯನ್ನು ಪುಕ್ಕಟೆ ಕೊಡಬೇಕು.

ಪುಕ್ಕಟೆ ಅಂದರೆ ಕಂಪನಿಗೆ ಪುಕ್ಕಟೆ, ಖರ್ಚೇನೂ ಮಾಯವಾಗುವುದಿಲ್ಲ. ಅಗ್ನಿಶಾಮಕದ್ದೇ ಲೆಕ್ಕ ನೋಡಿ. ಎಷ್ಟು ನೀರು, ಎಷ್ಟು ವಾಹನ ಇರಬೇಕು ಎನ್ನುವುದನ್ನು ತೀರ್ಮಾನಿಸುವುದು ವಿಮಾನದ ಉದ್ದ, ಸೀಟಿನ ಸಂಖ್ಯೆ ಅಲ್ಲ. 70 ಸೀಟಿನ ಎಟಿಆರ್ 72 ವಿಮಾನದ ಉದ್ದ 27 ಮೀಟರ್ ಚಿಲ್ಲರೆ. ಅಗ್ನಿಶಾಮಕದ ಲೆಕ್ಕದಲ್ಲಿ ಅದು ಐದನೇ ದರ್ಜೆ: ಒಂದು ವಾಹನ, ನೊರೆ ತಯಾರಿಸಲು 5,400 ಲೀಟರ್ ನೀರು. 50 ಸೀಟಿನ ಎಂಬ್ರೇಯರ್ 145 ಜೆಟ್ 30 ಮೀಟರಿಗೆ ಹತ್ತಿರ. ಅದು ಆರನೇ ದರ್ಜೆ: ಎರಡು ವಾಹನ, 7,900 ಲೀಟರ್. ಸಂಚಾರ ತೀರ ಕಡಿಮೆ ಇರುವಲ್ಲಿ ಒಂದು ದರ್ಜೆ ಇಳಿಸಿಕೊಳ್ಳಲು ಅವಕಾಶವಿದೆ. ಆದರೂ ಮೂರು ನಿಮಿಷದೊಳಗೆ ರನ್‌ವೇಯ ಯಾವ ತುದಿಯನ್ನಾದರೂ ಮುಟ್ಟಿ ನೊರೆ ಎರಚಲು ಶುರು ಮಾಡಬೇಕೆಂಬ ನಿಯಮದಲ್ಲಿ ರಿಯಾಯಿತಿ ಇಲ್ಲ. ವಾರಕ್ಕೆ ನಾಲ್ಕು ವಿಮಾನ ಬಂದರೂ ಅದೇ, ನಲವತ್ತು ಬಂದರೂ ಅದೇ.

ಇನ್ನು ವಿಮಾನ ಯಾಕೆ ರದ್ದಾಗುತ್ತದೆ ಎನ್ನುವುದು. ಮಳೆ ಎಂದು ಎಲ್ಲರೂ ಹೇಳುತ್ತಾರೆ, ಪೂರ್ತಿ ನಿಜವಲ್ಲ. ಪೈಲಟ್ ಕಣ್ಣಿಗೆ ಕಾಣುವುದನ್ನೇ ನಂಬಿ ಇಳಿಯಬೇಕಾದ ನಿಲ್ದಾಣದಲ್ಲಿ ಐದು ಕಿಲೋಮೀಟರಿನವರೆಗೆ ನಿಚ್ಚಳವಾಗಿ ಕಾಣಬೇಕು. ದಾರಿ ತೋರಿಸುವ ಉಪಕರಣ ಹಾಕಿ ಪರವಾನಗಿ ಪಡೆದರೆ ಅದಕ್ಕಿಂತ ಕಡಿಮೆ ದೂರ ಕಂಡರೂ ಇಳಿಯಬಹುದು. ಕಲಬುರಗಿಯ ರನ್‌ವೇ ಮೂರು ಕಿಲೋಮೀಟರಿಗೂ ಉದ್ದ, ಎಟಿಆರ್‌ಗೆ ಅದರ ಅರ್ಧ ಸಾಕು. ರನ್‌ವೇ ಉದ್ದ ಮಾಡಿಸುವವರು ದೀಪ ಮತ್ತು ಉಪಕರಣಗಳಿಗೂ ಅಷ್ಟೇ ಅವಸರ ತೋರಿಸಿದರೆ ಒಳ್ಳೆಯದಿತ್ತು. ಉದ್ಘಾಟನೆಯ ಫೋಟೊದಲ್ಲಿ ರನ್‌ವೇ ಚೆನ್ನಾಗಿ ಬೀಳುತ್ತದೆ, ಏನು ಮಾಡುವುದು.

ಎರಡನೆಯ ಕಾರಣ ವಿಮಾನದ ಸುತ್ತು. ಒಂದೇ ವಿಮಾನ ಬೆಳಗ್ಗೆ ಒಂದು ಊರಿಗೆ ಹೋಗಿ ಬಂದು, ಮಧ್ಯಾಹ್ನ ಇನ್ನೊಂದಕ್ಕೆ, ಸಂಜೆ ಮತ್ತೊಂದಕ್ಕೆ ಹೋಗುತ್ತದೆ. ಬೆಳಗ್ಗೆ 40 ನಿಮಿಷ ತಡವಾದರೆ ಸಂಜೆಯ ಊರಿಗೆ ಎರಡು ತಾಸು ತಡ. ರಾತ್ರಿ ಇಳಿಯುವ ದೀಪದ ವ್ಯವಸ್ಥೆ ಇಲ್ಲದ ಕಡೆ ಸೂರ್ಯ ಮುಳುಗಿದರೆ ಆ ದಿನದ ಹಾರಾಟ ಮುಗಿದಂತೆ. ಸಣ್ಣ ಕಂಪನಿಯ ಬಳಿ ಬದಲಿ ವಿಮಾನ ಇರುವುದು ಅಪರೂಪ. ಒಂದು ಬಿಡಿಭಾಗ ಕೆಟ್ಟರೆ ಎರಡು ಮೂರು ಊರುಗಳ ವೇಳಾಪಟ್ಟಿ ಒಟ್ಟಿಗೇ ಕೆಡುತ್ತದೆ.

ಬೀದರಿನದು ಇನ್ನೂ ಬೇರೆ ಕತೆ. ರನ್‌ವೇ ವಾಯುಪಡೆಯದು. ಹಾಕ್ ವಿಮಾನಗಳಲ್ಲಿ ಪೈಲಟ್‌ಗಳಿಗೆ ತರಬೇತಿ ನಡೆಯುವ ನೆಲೆ ಅದು, ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡದ ಊರೂ ಅದೇ. ನಾಗರಿಕ ವಿಮಾನದ ವೇಳೆಯನ್ನು ತರಬೇತಿಯ ವೇಳೆ ನೋಡಿಕೊಂಡೇ ಇಡಬೇಕು. ಜೊತೆಗೆ ಹೈದರಾಬಾದ್ ವಿಮಾನ ನಿಲ್ದಾಣದ ಒಪ್ಪಂದದಲ್ಲಿ, 150 ಕಿಲೋಮೀಟರ್ ದೂರದೊಳಗೆ 25 ವರ್ಷ ಬೇರೆ ನಾಗರಿಕ ನಿಲ್ದಾಣ ಬರಬಾರದು ಎಂಬ ಮಾತಿತ್ತು. ಬೀದರ್ ಅದರೊಳಗೆ ಬರುತ್ತದೆ. ಅಲ್ಲಿಯ ಕಂಪನಿ ಒಪ್ಪಿಗೆ ಕೊಟ್ಟ ಮೇಲೆಯೇ ಬೀದರಿಗೆ ದಾರಿಯಾಯಿತು. ಸೇವೆ ಶುರುವಾಗಿ ಏಳು ವಾರ ಆಗುವುದರೊಳಗೆ ಕೋವಿಡ್‌ನಿಂದ ದೇಶದ ವಿಮಾನಗಳೆಲ್ಲ ನಿಂತವು. ಮುಂದೆ ಬೀದರಿಗೆ ಹಾರುತ್ತಿದ್ದ ವಿಮಾನ ಕಂಪನಿಯೇ ಹಾರಾಟ ನಿಲ್ಲಿಸಿತು. 2022ರ ಜೂನಿನಲ್ಲಿ ಇನ್ನೊಂದು ಕಂಪನಿ ಬಂತು, 2023ರ ಕೊನೆಗೆ ಅದೂ ನಿಂತಿತು. 2025ರ ಏಪ್ರಿಲಿನಲ್ಲಿ ರಾಜ್ಯ ಸರ್ಕಾರದ ನೆರವಿನಿಂದ ಮತ್ತೆ ಶುರುವಾಯಿತು.

ಈ ನಿಂತು ಶುರುವಾಗುವ ಆಟ ಬೀದರಿನದೊಂದೇ ಅಲ್ಲ. ಮಹಾಲೇಖಪಾಲರ 2023ರ ವರದಿ ನೋಡಿ: ಯೋಜನೆಯ ಮೂರನೇ ಸುತ್ತಿನವರೆಗೆ ಹಂಚಿದ್ದು 774 ಮಾರ್ಗ. ಹಾರಾಟ ಶುರುವಾದದ್ದು 371ರಲ್ಲಿ. ಮೂರು ವರ್ಷ ಪೂರೈಸಿದ್ದು 112. ಸಹಾಯಧನ ನಿಂತ ಮೇಲೂ, 2023ರ ಮಾರ್ಚಿನ ಹೊತ್ತಿಗೆ ಉಳಿದದ್ದು 54.

ಅಮೆರಿಕದಲ್ಲೂ ಇಂಥ ಯೋಜನೆಯಿದೆ, 1978ರಿಂದ. ಮೊದಲು ಹತ್ತು ವರ್ಷಕ್ಕೆಂದು ತಂದು, ಆಮೇಲೆ 1996ರಲ್ಲಿ ಕಾಯಂ ಮಾಡಿದರು. ಅಲ್ಲಿ ಹಳ್ಳಿಗೆ ವಿಮಾನವೆಂದರೆ ಹಳ್ಳಿಗೆ ಅಂಚೆ ಇದ್ದಂತೆ. ನಮ್ಮಲ್ಲಿ ಮೂರು ವರ್ಷದಲ್ಲಿ ಮಗು ತಾನೇ ನಡೆಯಬೇಕು ಎಂಬ ಲೆಕ್ಕ. ನನ್ನ ಪ್ರಕಾರ ತಪ್ಪು ವರ್ಷದ್ದಕ್ಕಿಂತ ವೇಳೆಯದು. ಕಲಬುರಗಿಯವರಿಗೆ ರಾತ್ರಿ ರೈಲಿದೆ, ಮಲಗುವ ಬಸ್ಸಿದೆ: ರಾತ್ರಿ ಮಲಗಿ ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದು ಕೆಲಸ ಮುಗಿಸಿ ಮತ್ತೆ ರಾತ್ರಿ ಹತ್ತಬಹುದು. ಮಧ್ಯಾಹ್ನ ಹೊರಡುವ ವಿಮಾನ ಹಿಡಿದರೆ ಒಂದು ದಿನ ಹೋಯಿತು, ದೇವನಹಳ್ಳಿಯಿಂದ ನಗರಕ್ಕೆ ಬರುವ ಹೊತ್ತು ಬೇರೆ, ಲಾಡ್ಜಿನ ಖರ್ಚು ಬೇರೆ. ಬೆಳಗ್ಗೆ ಹೋಗಿ ಸಂಜೆ ಮರಳುವ ವಿಮಾನವಿದ್ದರೆ ವಕೀಲರು, ವೈದ್ಯರು, ಬೇಳೆ ವ್ಯಾಪಾರಿಗಳು ಪೂರ್ತಿ ದರ ಕೊಟ್ಟೇ ಹತ್ತುತ್ತಾರೆ. ಅದಕ್ಕೆ ವಿಮಾನ ರಾತ್ರಿ ಆ ಊರಿನಲ್ಲೇ ತಂಗಬೇಕು. ತಂಗಿದರೆ ಪೈಲಟ್‌ಗಳಿಗೆ ವಸತಿ, ತಪಾಸಣೆಗೆ ಎಂಜಿನಿಯರ್, ರಾತ್ರಿ ಕಾವಲು ಬೇಕು. ಕಂಪನಿ ಅಲ್ಲೇ ಹಿಂಜರಿಯುವುದು.

ಕೊನೆಗೆ ಪ್ರಯಾಣಿಕರಿಗೆ ಎರಡು ಮಾತು. ವಿಮಾನ ರದ್ದಾದರೆ ಪೂರ್ತಿ ಹಣ ವಾಪಸ್ ಅಥವಾ ಬದಲಿ ವಿಮಾನ, ಆಯ್ಕೆ ನಿಮ್ಮದು. ಮುಂಚಿತವಾಗಿ ತಿಳಿಸದೆ ರದ್ದು ಮಾಡಿದರೆ, ಒಂದು ತಾಸಿನವರೆಗಿನ ಹಾರಾಟಕ್ಕೆ 5,000 ರೂಪಾಯಿ, ಎರಡು ತಾಸಿನವರೆಗೆ 7,500 ಪರಿಹಾರ. ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಅದಕ್ಕಿಂತ ಕಡಿಮೆಯಿದ್ದರೆ ಅಷ್ಟೇ ಸಿಗುತ್ತದೆ. ಹವಾಮಾನದ ಕಾರಣವಾದರೆ ಪರಿಹಾರವಿಲ್ಲ, ಹಣ ವಾಪಸ್ ಇದ್ದೇ ಇದೆ. ಬುಕ್ ಮಾಡುವಾಗ ಏಜೆಂಟರ ನಂಬರ್ ಬಿಟ್ಟು ನಿಮ್ಮದೇ ಮೊಬೈಲ್ ನಂಬರ್ ಕೊಡಿ. ಕಂಪನಿ ಸುದ್ದಿ ಕಳಿಸುವುದು ಆ ನಂಬರಿಗೆ. ಮತ್ತೆ, ಬೀದರಿನಲ್ಲಿ ಇಳಿಯುವಾಗ, ಏರುವಾಗ ಕಿಟಕಿಯಿಂದ ಫೋಟೊ ತೆಗೆಯಬೇಡಿ, ಅದು ವಾಯುಪಡೆಯ ನೆಲ.

ನಮಸ್ಕಾರ.