ಹಾಗಾದ್ರೆ ಉಪ್ಪೂ ಹುಳೀನಾ ಮಿಸ್?

ನಮಸ್ಕಾರ ಎಲ್ಲರಿಗೂ. ಈಗ ನೀವು ನೋಡುತ್ತಿರುವುದು ಮೈಸೂರಿನ ನಮ್ಮ ರೂಮು, ನೆಲದ ತುಂಬಾ ಚಾರ್ಟ್ ಪೇಪರ್. ನಾವು ಐದು ಜನ, ಬಿ.ಎಸ್ಸಿ. ಬಿ.ಎಡ್. ಕೊನೇ ವರ್ಷ. ಮೂರರಿಂದ ಐದನೇ ಕ್ಲಾಸಿನ ಮಕ್ಕಳಿಗೆ ರಸಾಯನಶಾಸ್ತ್ರದ ಹತ್ತು ಪಾಠ ತಯಾರು ಮಾಡುವುದು ಈ ಸಲದ ನಮ್ಮ ಪ್ರಾಜೆಕ್ಟು. ಆ ವಯಸ್ಸಿಗೆ ವಿಜ್ಞಾನ ಅಂತ ಬೇರೆ ಪುಸ್ತಕವೇ ಇಲ್ಲ, ಪರಿಸರ ಅಧ್ಯಯನದ ಒಳಗೇ ಎಲ್ಲ ಬರುತ್ತದೆ, ಹಾಗಾಗಿ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ನಾವೇ ಯೋಚಿಸಬೇಕಿತ್ತು.

ಮೊದಲು ಬರೆದ ಪಟ್ಟಿ ಇದು. ಪರಮಾಣು, ಅಣು, ಧಾತು, ಸಂಯುಕ್ತ. ನಾವು ಕಲಿತ ಕ್ರಮವನ್ನೇ ಹಾಗೇ ಇಳಿಸಿಬಿಟ್ಟಿದ್ದೆವು. ಥರ್ಮೋಕೋಲ್ ಉಂಡೆಗೆ ಕಡ್ಡಿ ಚುಚ್ಚಿ ನೀರಿನ ಅಣು ಕೂಡ ಮಾಡಿದ್ದಾಯ್ತು. ನಮ್ಮ ಗೈಡ್ ಮೇಡಂ ಎಲ್ಲ ನೋಡಿ, "ಇದರಲ್ಲಿ ಮಗು ತಾನೇ ಮಾಡಿ ನೋಡುವುದು ಏನಿದೆ?" ಅಂತ ಕೇಳಿದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಅವತ್ತೇ ಅವರು ಹೊಶಂಗಾಬಾದ್ ಕಥೆ ಹೇಳಿದ್ದು. 1972ರಲ್ಲಿ ಮಧ್ಯಪ್ರದೇಶದ ಆ ಜಿಲ್ಲೆಯ 16 ಹಳ್ಳಿ ಶಾಲೆಗಳಲ್ಲಿ ಒಂದು ವಿಜ್ಞಾನ ಕಾರ್ಯಕ್ರಮ ಶುರುವಾಯಿತು. ಮಕ್ಕಳು ಗುಂಪಾಗಿ ಕೂತು, ಸುತ್ತಮುತ್ತ ಸಿಗುವ ಸಾಮಾನಿನಲ್ಲೇ ಪ್ರಯೋಗ ಮಾಡಿ, ಕಂಡಿದ್ದನ್ನು ತಮ್ಮ ಮಾತಲ್ಲೇ ಬರೆಯುತ್ತಿದ್ದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಬಹುದಿತ್ತು! 2002ರಲ್ಲಿ ಅದನ್ನು ನಿಲ್ಲಿಸಿದರು ಅಂತ ಕೇಳಿ ನನಗೆ ನಿಜಕ್ಕೂ ಬೇಜಾರಾಯಿತು. ಅದು ಆರರಿಂದ ಎಂಟನೇ ಕ್ಲಾಸಿನವರಿಗೆ ಇದ್ದದ್ದು, ನಮ್ಮ ಮಕ್ಕಳು ಇನ್ನೂ ಚಿಕ್ಕವರು. ಆದರೂ ರೂಮಿಗೆ ಬಂದ ಮೇಲೆ ಹಳೇ ಪಟ್ಟಿಯನ್ನು ಪಕ್ಕಕ್ಕಿಟ್ಟೆವು.

ಈ ಕ್ಲಿಪ್ ಊರ ಹೊರಗಿನ ಒಂದು ಸರ್ಕಾರಿ ಶಾಲೆಯದು, ನಾಲ್ಕನೇ ಕ್ಲಾಸು. ಮಕ್ಕಳ ಮುಖ ತೋರಿಸುತ್ತಿಲ್ಲ, ಕೈಗಳನ್ನಷ್ಟೇ ತೋರಿಸುತ್ತಿದ್ದೇನೆ. ಲೋಟದ ನೀರಿಗೆ ಉಪ್ಪು ಹಾಕಿ ಕದಡಿ, "ಉಪ್ಪು ಎಲ್ಲಿ ಹೋಯ್ತು?" ಅಂತ ಕೇಳಿದೆ. ಅರ್ಧ ಕ್ಲಾಸು "ಇಲ್ಲ ಮಿಸ್, ಹೋಯ್ತು" ಅಂದಿತು. ಇನ್ನರ್ಧ "ನೀರೊಳಗೇ ಇದೆ" ಅಂದಿತು. ಕರಗುವುದು, ದ್ರಾವಣ, ಈ ಪದಗಳನ್ನು ನಾವು ಬೇಕಂತಲೇ ಎತ್ತಲಿಲ್ಲ. ಕಪ್ಪು ಪ್ಲಾಸ್ಟಿಕ್ ಮುಚ್ಚಳದಲ್ಲಿ ಆ ನೀರನ್ನು ತೆಳ್ಳಗೆ ಹುಯ್ದು ಬಿಸಿಲಿಗೆ ಇಟ್ಟೆವು. ಊಟದ ಬೆಲ್ ಆಗಿ, ಊಟ ಮುಗಿಸಿ ಬಂದು ನೋಡಿದರೆ, ನೋಡಿ ಇಲ್ಲಿ, ಅಂಚಿನಲ್ಲಿ ಪುಟ್ಟ ಪುಟ್ಟ ಚೌಕ ಹರಳು. ಒಬ್ಬಳು ಬೆರಳು ಒತ್ತಿ ನಾಲಿಗೆಗೆ ಇಟ್ಟುಕೊಂಡೇಬಿಟ್ಟಳು. ಅದು ಅಡುಗೆ ಉಪ್ಪು, ಲೋಟವೂ ಮುಚ್ಚಳವೂ ತೊಳೆದದ್ದು, ತೊಂದರೆ ಇಲ್ಲ. ಆದರೆ "ಹೇಳದೆ ಏನನ್ನೂ ಬಾಯಿಗೆ ಇಡಬಾರದು" ಅನ್ನುವುದು ಅವತ್ತೇ ನಮ್ಮ ಪ್ಲಾನಿನ ಮೊದಲ ಸಾಲಾಯಿತು.

ಮುಂದಿನ ಪಾಠ ಅರಿಶಿನ. ಬಿಳಿ ಹಾಳೆಗೆ ಅರಿಶಿನ ಕಲಸಿ ಬಳಿದು ಒಣಗಿಸಿದರೆ ಮುಗೀತು, ಕಾಗದ ರೆಡಿ. ರೂಮಿನಲ್ಲಿ ಮೊದಲ ಸಲ ಮಾಡಿದಾಗ ಕೈ ತೊಳೆಯುವ ಲಿಕ್ವಿಡ್ ಹಾಕಿ ನೋಡಿದೆವು, ಬಣ್ಣ ಬದಲಾಗಲೇ ಇಲ್ಲ. ಆಮೇಲೆ ಗೊತ್ತಾಯ್ತು, ಅರಿಶಿನ ಕೆಂಪಾಗುವುದು ಕ್ಷಾರೀಯ ವಸ್ತುಗಳಿಗೆ, ಅಂದರೆ ಹುಳಿಗೆ ವಿರುದ್ಧ ಗುಣದವಕ್ಕೆ, ಅಂಥ ಲಿಕ್ವಿಡ್‌ಗಳಲ್ಲಿ ಎಷ್ಟೋ ಕ್ಷಾರೀಯವೇ ಆಗಿರುವುದಿಲ್ಲ. ಬಟ್ಟೆ ಒಗೆಯುವ ಬಾರ್ ಸೋಪಿನ ನೀರು ಬಿದ್ದ ತಕ್ಷಣ ರಕ್ತದ ಹಾಗೆ ಕೆಂಪು. ಅದರ ಮೇಲೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಸುಣ್ಣ ಬೇಡ ಅಂತ ತೀರ್ಮಾನ ಮಾಡಿದ್ದೇವೆ, ಕಣ್ಣಿಗೆ ಬಿದ್ದರೆ ಅಪಾಯ. ಆದರೆ ಕ್ಲಾಸಿನಲ್ಲಿ ಕೆಂಪು ಕಂಡ ಕೂಡಲೇ ಹಿಂದಿನ ಸಾಲಿನಿಂದ ಒಬ್ಬಳು ಕೂಗಿದಳು: "ಮಿಸ್, ನಮ್ಮಕ್ಕನ ಮದುವೇಲಿ ಆರತಿ ನೀರು ಹಿಂಗೇ ಮಾಡಿದ್ರು! ಅರಿಶಿನಕ್ಕೆ ಸುಣ್ಣ ಹಾಕಿದ್ರು!" ಇನ್ನೊಬ್ಬ ಎದ್ದು, ಅಂಗಿ ಮೇಲೆ ಸಾರು ಚೆಲ್ಲಿಕೊಂಡಿದ್ದು, ಅಮ್ಮ ಸೋಪು ಉಜ್ಜಿದಾಗ ಕಲೆ ಕೆಂಪಾಗಿದ್ದು ಹೇಳಿದ. ಇವರಿಗೆ ಆಗಲೇ ಇಷ್ಟು ಗೊತ್ತಿತ್ತು, ಅಲ್ವಾ?

ಆಮ್ಲಕ್ಕೆ ಮಕ್ಕಳ ಹತ್ತಿರ "ಹುಳಿ" ಅನ್ನುವ ಪದ ಇದೆ. ಪ್ರತ್ಯಾಮ್ಲಕ್ಕೆ, ಅಂದರೆ ಸೋಪಿನಂಥ ಆ ಕ್ಷಾರೀಯ ವಸ್ತುಗಳಿಗೆ, ಏನೂ ಇಲ್ಲ. ಅವರೇ "ಸೋಪಿನ ಕಡೆಯವು" ಅಂತ ಕರೆದರು. ಅದನ್ನೇ ಬೋರ್ಡಿನಲ್ಲಿ ಬರೆದೆ, ಐದನೇ ಕ್ಲಾಸಿನವರೆಗೂ ಹಾಗೇ ಇರಲಿ ಅಂತ ನನ್ನ ಆಸೆ.

ಆಮೇಲೆ ಒಬ್ಬ ಹುಡುಗ ಉಪ್ಪುನೀರು ಹಾಕಿದ. ಹಳದಿ ಹಾಗೇ ಇತ್ತು. "ನಿಂಬೆಹಣ್ಣಿಗೂ ಹಳದಿ, ಉಪ್ಪಿಗೂ ಹಳದಿ. ಹಾಗಾದ್ರೆ ಉಪ್ಪೂ ಹುಳೀನಾ ಮಿಸ್?"

ಸರಿಯಾದ ಪ್ರಶ್ನೆ. ಹುಳಿ ಯಾವುದು, ಎರಡೂ ಅಲ್ಲದ್ದು ಯಾವುದು ಅಂತ ಅರಿಶಿನ ಬೇರೆ ಮಾಡಿ ತೋರಿಸುವುದಿಲ್ಲ. ದಾಸವಾಳ ತೋರಿಸುತ್ತದೆ. ನಮ್ಮ ಪಟ್ಟಿಯಲ್ಲಿ ದಾಸವಾಳ ಎಂಟನೇ ಪಾಠವಾಗಿತ್ತು, ಅವತ್ತು ರಾತ್ರಿಯೇ ಮೂರನೆಯದಕ್ಕೆ ಎಳೆದು ತಂದೆವು. ಈಗ ಸ್ಕ್ರೀನ್ ಮೇಲಿರುವುದು ನಮ್ಮ ಟ್ರಯಲ್: ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿದ್ದೇವೆ, ನಿಂಬೆರಸಕ್ಕೆ ಗುಲಾಬಿ, ಸೋಪಿನ ನೀರಿಗೆ ಹಸಿರು.

ಸೋಮವಾರ ಮತ್ತೆ ಹೋಗುತ್ತಿದ್ದೇವೆ. ಹೂವು ಮಕ್ಕಳೇ ತರುತ್ತಾರಂತೆ. ಉಪ್ಪುನೀರಿನ ಲೋಟವನ್ನು ಮಾತ್ರ ಆ ಹುಡುಗನ ಮುಂದೆ ಇಡುತ್ತೇನೆ, ಅವನೇ ಹಾಕಿ ನೋಡಲಿ.