ಹ್ಯಾಶ್‌ನಿಂದ ಹಿಂದಕ್ಕೆ ದಾರಿ ಇದೆಯೇ?

ಕೇಳುಗರಿಗೆ ನಮಸ್ಕಾರ.

ಪುಟ್ಟ ಪಾಸ್‌ವರ್ಡ್ ಆಗಲಿ, ಸಾವಿರ ಪುಟಗಳ ಗ್ರಂಥವಾಗಲಿ, ಹ್ಯಾಶ್ ಫಂಕ್ಷನ್ ಎಂಬ ಗಣಿತಕ್ರಿಯೆಗೆ ಒಪ್ಪಿಸಿದರೆ ಹೊರಬರುವುದು ಸೊನ್ನೆ-ಒಂದುಗಳ, ಎಂದರೆ ಬಿಟ್‌ಗಳ, ಒಂದೇ ಅಳತೆಯ ಸಾಲು. ಅದೇ ಹ್ಯಾಶ್. ಎಂಡಿ5 ಎಂಬ ವಿಧಾನದಲ್ಲಿ ಅದು 128 ಬಿಟ್, ಶಾ-256ರಲ್ಲಿ 256 ಬಿಟ್. ಈ ಸಾಲನ್ನಷ್ಟೇ ಕೈಯಲ್ಲಿಟ್ಟುಕೊಂಡು, ಅದನ್ನು ಕೊಡಬಲ್ಲ ಪಠ್ಯವೊಂದನ್ನು ಹುಡುಕಿ ತೆಗೆಯುವುದೇ ಪ್ರೀಇಮೇಜ್ ದಾಳಿ. ಮೊದಲಿದ್ದ ಪಠ್ಯವೇ ಸಿಗಬೇಕೆಂದಿಲ್ಲ. ಅದೇ ಹ್ಯಾಶ್ ಕೊಡುವ ಯಾವುದಾದರೂ ನಡೆಯುತ್ತದೆ.

ಎಂಡಿ5 ಮುರಿದುಬಿದ್ದಿದೆ ಎಂಬ ಮಾತನ್ನು ನೀವು ಕೇಳಿರಬಹುದು. ಮಾತು ನಿಜ, ಆದರೆ ಅದರಲ್ಲಿ ಮುರಿದದ್ದು ಯಾವುದು ಎಂದು ಬಿಡಿಸಿ ಹೇಳುವವರು ಕಡಿಮೆ. 2004ರಲ್ಲಿ ಚೀನಾದ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು ಒಂದೇ ಹ್ಯಾಶ್ ಇರುವ ಎರಡು ಸಂದೇಶಗಳನ್ನು ತೋರಿಸಿದರು. ಎರಡನ್ನೂ ಹೊಂದಿಸಿಕೊಂಡವರು ಅವರೇ. ಇದಕ್ಕೆ ಕೊಲಿಷನ್ ಎನ್ನುತ್ತಾರೆ. ಒಂದು ಕೋಣೆಯಲ್ಲಿ 23 ಜನರಿದ್ದರೆ ಸಾಕು, ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವ ಅರ್ಧವನ್ನು ದಾಟುತ್ತದೆ. ನಿಮ್ಮದೇ ಹುಟ್ಟಿದ ದಿನಕ್ಕೆ ಜೊತೆ ಬೇಕೆಂದರೆ, ಅಷ್ಟೇ ಸಂಭವಕ್ಕೆ 253 ಜನ ಬೇಕು. ಕೊಲಿಷನ್ ಮೊದಲ ಬಗೆಯ ಹುಡುಕಾಟ, ಪ್ರೀಇಮೇಜ್ ಈ ಎರಡನೆಯ ಬಗೆಯದು. ಬಿಟ್‌ಗಳು ಹೆಚ್ಚಿದಂತೆ ಇವೆರಡರ ನಡುವಿನ ಅಂತರ ಊಹೆಗೂ ಮೀರಿ ಬೆಳೆಯುತ್ತದೆ.

2009ರಲ್ಲಿ ಜಪಾನಿನ ಸಸಾಕಿ ಮತ್ತು ಅವೊಕಿ ಎಂಡಿ5ಗೆ ಪ್ರೀಇಮೇಜ್ ದಾಳಿಯನ್ನೂ ಕಂಡುಹಿಡಿದರು. 2ರ 128ನೆಯ ಘಾತದಷ್ಟಿದ್ದ ಕೆಲಸ 123.4ನೆಯ ಘಾತಕ್ಕೆ ಇಳಿಯಿತು. ಎಂದರೆ ಸುಮಾರು ಇಪ್ಪತ್ತನಾಲ್ಕನೆಯ ಒಂದು ಪಾಲು. ಗಣಿತಜ್ಞರಿಗೆ ಇದು ದೊಡ್ಡ ಸುದ್ದಿಯೇ. ಆದರೂ ಸೆಕೆಂಡಿಗೆ ಒಂದು ಲಕ್ಷ ಕೋಟಿ ಹ್ಯಾಶ್ ಲೆಕ್ಕ ಹಾಕುವ ಯಂತ್ರವಿದ್ದರೂ, ಉಳಿದ ಕೆಲಸಕ್ಕೆ ವಿಶ್ವದ ಈವರೆಗಿನ ವಯಸ್ಸಿನ ಮೂರು ಕೋಟಿ ಪಟ್ಟು ಕಾಲ ಹಿಡಿಯುತ್ತದೆ. ಕಳ್ಳನಿಗೆ ಅಷ್ಟು ತಾಳ್ಮೆ ಎಲ್ಲಿಯದು?

ಅವನು ಬೇರೆ ದಾರಿ ಹಿಡಿಯುತ್ತಾನೆ. ಹತ್ತಂಕಿಯ ಫೋನ್ ಸಂಖ್ಯೆಗಳು ಹೆಚ್ಚೆಂದರೆ ಸಾವಿರ ಕೋಟಿ. ಅದೇ ಯಂತ್ರ ಅವೆಲ್ಲವುಗಳ ಹ್ಯಾಶ್ ತೆಗೆದು ಹೋಲಿಸಲು ಸೆಕೆಂಡಿನ ನೂರನೆಯ ಒಂದು ಭಾಗ ಸಾಕು. ಇಲ್ಲಿ ಹ್ಯಾಶ್ ಎಷ್ಟು ಗಟ್ಟಿ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಶಾ-256 ಇದ್ದರೂ ತುಸು ತಡವಾಗುತ್ತದೆ, ಅಷ್ಟೆ. ಹೀಗಿರುವಾಗ ಫೋನ್ ಸಂಖ್ಯೆಗಳನ್ನು ಬರಿಯ ಹ್ಯಾಶ್ ಮಾಡಿ, ಗುರುತು ಅಳಿಸಿದ್ದೇವೆ ಎಂದು ಹೇಳಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಕಣ್ಣೊರೆಸುವ ತಂತ್ರ.

ಪಾಸ್‌ವರ್ಡ್‌ಗಳ ಕಥೆಯೂ ಇದೇ: ಜನ ಬಳಸುವ ಪದಗಳ ಪಟ್ಟಿ ಸಿದ್ಧವಿರುತ್ತದೆ. ಹ್ಯಾಶ್ ಮಾಡುವ ಮೊದಲು ಪ್ರತಿ ಪಾಸ್‌ವರ್ಡ್‌ಗೂ ಬೇರೆ ಬೇರೆ ಸಾಲ್ಟ್, ಎಂದರೆ ಮನಬಂದಂತೆ ಆರಿಸಿದ ಅಕ್ಷರಗಳನ್ನು, ಬೆರೆಸಿದರೆ ಮೊದಲೇ ಲೆಕ್ಕ ಹಾಕಿಟ್ಟ ಕೋಷ್ಟಕಗಳು ಕೆಲಸಕ್ಕೆ ಬಾರವು. ಆದರೆ ಒಬ್ಬರನ್ನೇ ಗುರಿಯಾಗಿಸಿ ಊಹಿಸುವುದನ್ನು ಅದು ತಡೆಯದು. ಅದಕ್ಕೆಂದೇ ಬೇಕಂತಲೇ ನಿಧಾನವಾಗಿ ನಡೆಯುವ ಬಿಕ್ರಿಪ್ಟ್, ಆರ್ಗಾನ್2ನಂಥ ವಿಧಾನಗಳಿವೆ. ಫೋನ್ ಸಂಖ್ಯೆಯಂತೆ ಸಾಧ್ಯತೆಗಳೇ ಕಡಿಮೆ ಇರುವ ಕಡೆ ಈ ನಿಧಾನವೂ ಸಾಲದೆ ಹೋಗಬಹುದು. ಗುಟ್ಟಿನ ಕೀಲಿಯೊಂದನ್ನು ಸೇರಿಸಿ ಹ್ಯಾಶ್ ತೆಗೆಯುವ ಎಚ್‌ಮ್ಯಾಕ್ ಎಂಬ ವಿಧಾನವನ್ನು ಬಳಸಬೇಕು, ಆ ಕೀಲಿಯನ್ನು ದತ್ತಾಂಶದಿಂದ ದೂರ, ಬೇರೆಡೆ ಇಡಬೇಕು.