ಲಿಥುವೇನಿಯನ್‌ಗೆ ಸಂಸ್ಕೃತ ತಾಯಿಯಂತೆ!

ಆ ರೀಲ್ಸ್ ನಿಮ್ಮ ಫೋನಿಗೂ ಬಂದಿರುತ್ತದೆ. ಒಬ್ಬರು ಸಂಸ್ಕೃತದ ಪದ ಹೇಳುತ್ತಾರೆ, ಎದುರಿಗೆ ಕೂತ, ಯುರೋಪಿನ ಲಿಥುವೇನಿಯಾದವರು ತಮ್ಮದನ್ನು ಹೇಳುತ್ತಾರೆ. ಅಗ್ನಿ, ಉಗ್ನಿಸ್. ಸೂನು ಅಂದರೆ ಮಗ, ಅಲ್ಲಿ ಸೂನುಸ್. ಅವಿ ಅಂದರೆ ಕುರಿ, ಅಲ್ಲೂ ಅವಿಸ್. ಹೊಗೆಗೆ ಇಲ್ಲಿ ಧೂಮ, ಅಲ್ಲಿ ದೂಮಾಯ್. ಪದಗಳೆಲ್ಲ ನಿಜ, ಅದರಲ್ಲಿ ಮೋಸ ಇಲ್ಲ. ಮೋಸ ಇರುವುದು ಕೊನೆಗೆ ದಪ್ಪ ಅಕ್ಷರದಲ್ಲಿ ಬರುವ ಸಾಲಿನಲ್ಲಿ: ಇವಕ್ಕೆಲ್ಲ ಸಂಸ್ಕೃತವೇ ತಾಯಿ!

ತಾಯಿ ಅಲ್ಲ ಸ್ವಾಮಿ, ಒಡಹುಟ್ಟು.

2025ರಲ್ಲಿ ತಮಿಳು ನಟರೊಬ್ಬರು ಕನ್ನಡ ಹುಟ್ಟಿದ್ದು ತಮಿಳಿನಿಂದ ಅಂದಾಗ ನಾವು ಸುಮ್ನಿದ್ದೆವಾ? ಎರಡೂ ಮೂಲ ದ್ರಾವಿಡದಿಂದ ಬಂದವು, ಹೋಲಿಕೆ ಇದ್ದ ಮಾತ್ರಕ್ಕೆ ಒಂದು ಇನ್ನೊಂದರ ಮಗಳಾಗಲ್ಲ ಅಂತ ವಾದ ಮಾಡಿದೆವು. ಸರಿಯಾದ ವಾದವೇ. ಹಾಗಾದರೆ ಅದೇ ವಾದ ಲಿಥುವೇನಿಯನ್ನರಿಗೆ ಯಾಕೆ ಸಲ್ಲುವುದಿಲ್ಲ? ನಮ್ಮ ಮೇಲೆ ಹೇರಿದಾಗ ಸಿಟ್ಟು ಬರುವ ಮಾತನ್ನೇ ಇನ್ನೊಬ್ಬರ ಮೇಲೆ ಹೇರುವಾಗ ಲೈಕ್ ಒತ್ತುತ್ತೇವೆ.

ಸಾಕ್ಷಿ ಏನು ಅಂತ ಕೇಳುತ್ತೀರಿ. ಕೇಳಲೇಬೇಕು.

ಸಂಸ್ಕೃತದಲ್ಲಿ ‘ಯಾರು’ ಅನ್ನುವುದಕ್ಕೆ ಕಃ, ‘ನಾಲ್ಕು’ ಅನ್ನುವುದಕ್ಕೆ ಚತುರ್. ಲಿಥುವೇನಿಯನ್ನಿನಲ್ಲಿ ಕಸ್, ಕೆತುರಿ. ಸ್ವಲ್ಪ ನಿಧಾನವಾಗಿ ನೋಡಿ. ಅವರಲ್ಲಿ ಎರಡೂ ಪದ ಶುರುವಾಗುವುದು ಕಕಾರದಿಂದ. ಸಂಸ್ಕೃತದಲ್ಲಿ ಒಂದು ಕಡೆ ಕ, ಇನ್ನೊಂದು ಕಡೆ ಚ. ಆದರೆ ಎರಡರಲ್ಲೂ ಸ್ವರ ಅದೇ ಅಕಾರ. ಮತ್ತೆ ಒಂದೇ ಯಾಕೆ ಚ ಆಯಿತು?

ಉತ್ತರ ನಮ್ಮ ಕಿವಿಯಲ್ಲೇ ಇದೆ. ನಾವು ಕಿವಿ ಅಂದರೆ ತೆಲುಗರು ಚೆವಿ ಅನ್ನುತ್ತಾರೆ. ನಮ್ಮ ಕೆರೆ ಅವರಿಗೆ ಚೆರುವು. ಕಕಾರ ಆದ ಕೂಡಲೇ ಇ ಅಥವಾ ಎ ಬಂದರೆ ನಾಲಿಗೆ ಮುಂದಕ್ಕೆ ಸರಿಯುತ್ತದೆ, ಕ ಮೆಲ್ಲಗೆ ಚ ಆಗುತ್ತದೆ. ಕನ್ನಡದಲ್ಲಿ ಹಾಗಾಗಲಿಲ್ಲ, ಪಕ್ಕದಲ್ಲೇ ಆಯಿತು. ಸಂಸ್ಕೃತದ ಹಿಂದಿನವರ ಬಾಯಲ್ಲೂ ಆದದ್ದು ಇದೇ. ಚತುರ್ ಎಂಬಲ್ಲಿ ಒಂದು ಕಾಲಕ್ಕೆ ಎ ಇತ್ತು. ಅದು ಕಕಾರವನ್ನು ಚಕಾರ ಮಾಡಿತು, ಆಮೇಲೆ ತಾನೂ ಅ ಆಗಿ ಕರಗಿಹೋಯಿತು. ಕಃ ಎಂಬಲ್ಲಿ ಇದ್ದದ್ದು ಒ. ಅದಕ್ಕೇ ಅಲ್ಲಿ ಕ ಹಾಗೇ ಉಳಿಯಿತು. ಆ ಕಳೆದುಹೋದ ಎ ಲಿಥುವೇನಿಯನ್ ಕೆತುರಿಯಲ್ಲಿ ಇವತ್ತಿಗೂ ಇದೆ, ಗ್ರೀಕಿನ ತೆತ್ತರೆಸ್‌ನಲ್ಲೂ ಅದೇ ಜಾಗದಲ್ಲಿದೆ. ಸಂಸ್ಕೃತ ಕಳೆದುಕೊಂಡದ್ದನ್ನು ಸಂಸ್ಕೃತದಿಂದಲೇ ಇವರು ಪಡೆದರು ಅನ್ನುವುದು ಹೇಗೆ?

ಇದು ಮೊದಲಿಗೆ ಘಟಾನುಘಟಿಗಳಿಗೂ ಹೊಳೆದಿರಲಿಲ್ಲ. ಜರ್ಮನಿಯ ಭಾಷಾವಿಜ್ಞಾನಿ ಔಗುಸ್ಟ್ ಶ್ಲೈಖರ್ 1852ರಲ್ಲಿ, ಆಗ ಪ್ರಷ್ಯಾ ಎಂಬ ಜರ್ಮನ್ ರಾಜ್ಯಕ್ಕೆ ಸೇರಿದ್ದ ಲಿಥುವೇನಿಯನ್ ಹಳ್ಳಿಗಳಿಗೆ ಹೋಗಿ ರೈತರ ಬಾಯಿಂದಲೇ ಭಾಷೆ ಕಲಿತರು. 1856ರಲ್ಲಿ ಅದರ ವ್ಯಾಕರಣ ಬರೆದರು. ಮೇಷ್ಟ್ರು ಅಲ್ಲಿಗೇ ನಿಲ್ಲಲಿಲ್ಲ. ಸಂಸ್ಕೃತ, ಗ್ರೀಕ್, ಲಿಥುವೇನಿಯನ್ ಎಲ್ಲಕ್ಕೂ ತಾಯಿಯಾದ ಇಂಡೋ-ಯುರೋಪಿಯನ್ ಮೂಲ ಭಾಷೆ ಹೀಗಿತ್ತು ಅಂತ 1868ರಲ್ಲಿ ಅದರಲ್ಲೇ ಒಂದು ಪುಟ್ಟ ಕಥೆ ಕಟ್ಟಿದರು. ಉಣ್ಣೆ ಕಳೆದುಕೊಂಡ ಕುರಿಯೊಂದು ಕುದುರೆಗಳ ಹತ್ತಿರ ಮಾತಾಡುವ ಕಥೆ. ಹೆಸರು ‘ಅವಿಸ್ ಅಕ್ವಾಸಸ್ ಕ’. ಓದಿದರೆ ಸಂಸ್ಕೃತವೇ ವೇಷ ಹಾಕಿಕೊಂಡು ಬಂದ ಹಾಗಿದೆ. ಎಲ್ಲಿ ನೋಡಿದರೂ ಅಕಾರ, ಎ-ಒಗಳ ಸುಳಿವೇ ಇಲ್ಲ. ಕೆತುರಿ ಅನ್ನುವ ರೈತರ ಜೊತೆ ಕೂತು ಬಂದವರು ಕೂಡ ಸಂಸ್ಕೃತದ ಸ್ವರವೇ ಹಳೆಯದು ಅಂತ ನಂಬಿದ್ದರು! ಅದೇ ವರ್ಷ ತೀರಿಕೊಂಡರು. 1870ರ ದಶಕದಲ್ಲಿ ಈ ಕ-ಚ ಗುಟ್ಟು ಹಲವರಿಗೆ ಹೆಚ್ಚುಕಡಿಮೆ ಒಟ್ಟಿಗೇ ಹೊಳೆಯಿತು. ಮುಂದೆ ಬೇರೆಯವರು ಅದೇ ಕಥೆಯನ್ನು ತಿದ್ದಿ ಬರೆದಾಗ ಎ, ಒಗಳು ವಾಪಸ್ ಬಂದವು.

ಹಾಗಂತ ‘ಲಿಥುವೇನಿಯನ್ನೇ ಜಗತ್ತಿನ ಹಳೆಯ ಭಾಷೆ’ ಅನ್ನುವವರ ಕಡೆಗೂ ನಾನಿಲ್ಲ. ಅಂಥವರೂ ಜಾಸ್ತಿ ಇದ್ದಾರೆ. ಧೂಮದ ಧ ಲಿಥುವೇನಿಯನ್ನಿನಲ್ಲಿ ಬರೀ ದ ಆಗಿದೆ. ನಾಮಪದಗಳಲ್ಲಿ ನಪುಂಸಕಲಿಂಗ ಹೋಗಿದೆ. ‘ಅವನು’, ‘ಅವರು’ ಎರಡಕ್ಕೂ ಕ್ರಿಯಾಪದದ ರೂಪ ಒಂದೇ. ಸಂಸ್ಕೃತ ಇವನ್ನೆಲ್ಲ ಜೋಪಾನ ಮಾಡಿದೆ. ಇನ್ನು ಅಚ್ಚಾದ ಮೊದಲ ಲಿಥುವೇನಿಯನ್ ಪುಸ್ತಕ 1547ರದ್ದು, ಮಾರ್ತಿನಾಸ್ ಮಾಜ್ವಿದಾಸ್ ಅವರದ್ದು. ಋಗ್ವೇದದ ಪಕ್ಕ ಅದು ನಿನ್ನೆ ಮೊನ್ನೆಯದು. ಆದರೂ ವೇದ ಕಳೆದುಕೊಂಡ ಎ ಅದರಲ್ಲಿದೆ. ಕಿವಿಯ ಕ ಉಳಿಸಿಕೊಂಡ ನಾವೇ ಪಾಲನ್ನು ಹಾಲು ಮಾಡಿಕೊಂಡೆವು. ತಮಿಳರು ಇನ್ನೂ ಪಾಲ್ ಅಂತಲೇ ಕುಡಿಯುತ್ತಾರೆ. ಯಾವುದು ಹಳೆಯದು ಅಂತ ಕೇಳುವುದೇ ದಡ್ಡತನ. ಯಾವುದು ಏನನ್ನು ಉಳಿಸಿಕೊಂಡಿದೆ ಅಂತ ಕೇಳಿ, ಮಾತು ಮುಂದಕ್ಕೆ ಹೋಗುತ್ತದೆ.

ನನ್ನ ತಕರಾರು ಇನ್ನೊಂದಿದೆ. ಸಂಸ್ಕೃತಕ್ಕೆ ಹೊಂದುವ ಪದ ಮಾತ್ರ ಹೆಕ್ಕಿಕೊಂಡು ಉಳಿದದ್ದನ್ನು ಬಿಸಾಡುವ ಚಾಳಿ. ಲಿಥುವೇನಿಯನ್ ಸೇರಿರುವ ಭಾಷಾ ಗುಂಪಿಗೆ ಬಾಲ್ಟಿಕ್ ಅಂತ ಹೆಸರು, ಅದರಲ್ಲಿ ಲಿಥುವೇನಿಯನ್ ಒಂದೇ ಅಲ್ಲ. ಲಾಟ್ವಿಯನ್ ಇದೆ, ಅದನ್ನು ಯಾರೂ ಮಾತಾಡಿಸುವುದೇ ಇಲ್ಲ. ಹಳೆ ಪ್ರಷ್ಯನ್ ಅಂತ ಇತ್ತು, 18ನೇ ಶತಮಾನದ ಆರಂಭದಲ್ಲಿ ಸತ್ತುಹೋಯಿತು. ಇವತ್ತು ಪ್ರಷ್ಯನ್ ಅಂದರೆ ಜರ್ಮನ್ ಸೈನಿಕರು ನೆನಪಾಗುತ್ತಾರೆ, ಅಲ್ವಾ? ಆ ಹೆಸರು ಮೊದಲು ಈ ಬಾಲ್ಟಿಕ್ ಜನರದ್ದು.

ಆ ಭಾಷೆಯಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು ಬರಹ. ಈಗ ಪೋಲೆಂಡಿಗೆ ಸೇರಿದ ಎಲ್ಬಿಂಗ್ ಊರಿನಲ್ಲಿ ಸಿಕ್ಕಿದ ಜರ್ಮನ್-ಪ್ರಷ್ಯನ್ ಪಟ್ಟಿಯಲ್ಲಿ 802 ಪದಗಳಿವೆ. ದೇವರು ಅನ್ನುವ ‘ದೇಯ್ವಿಸ್’ನಿಂದ ಶುರುವಾಗುತ್ತದೆ. ಆದರೆ ಹೆಚ್ಚುಕಡಿಮೆ ಎಲ್ಲವೂ ನಾಮಪದ. ಜನ ವಾಕ್ಯ ಹೇಗೆ ಕಟ್ಟುತ್ತಿದ್ದರು ಅಂತ ತಿಳಿಯಬೇಕಾದರೆ ಕ್ರೈಸ್ತ ಧರ್ಮಬೋಧೆಯ ಮೂರು ಪುಸ್ತಕಗಳೇ ಗತಿ. ಎರಡು 1545ರವು, ಮೂರನೆಯದು 1561ರದ್ದು. ದೊಡ್ಡದಾದ ಆ ಮೂರನೆಯದನ್ನು ಅನುವಾದಿಸಿದ ಪಾದ್ರಿ ಆಬೆಲ್ ವಿಲ್‌ಗೆ ಪ್ರಷ್ಯನ್ ಅಷ್ಟಕ್ಕಷ್ಟೇ. ಪೌಲ್ ಮೆಗೋಟ್ ಎಂಬ ಪ್ರಷ್ಯನ್ನನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕ್ರೈಸ್ತ ಧರ್ಮಸುಧಾರಕ ಲೂಥರನ ಜರ್ಮನ್ ಪಠ್ಯವನ್ನು ಪದಕ್ಕೆ ಪದ ಇಳಿಸಿದರು. ಈಗ ಅಲ್ಲೊಂದು ವಿಚಿತ್ರ ವಿಭಕ್ತಿ ಕಂಡರೆ ಅದು ಅಪರೂಪದ ಹಳೆಯ ರೂಪವೋ, ಪಾದ್ರಿಗಳ ಎಡವಟ್ಟೋ, ಅಚ್ಚಿನ ಮನೆಯವರ ಕೈತಪ್ಪೋ? ವಿದ್ವಾಂಸರು ಇದರ ಮೇಲೆ ಇನ್ನೂ ಕಿತ್ತಾಡುತ್ತಿದ್ದಾರೆ. ಅಂಥ ಒಂದೆರಡು ಜಗಳಗಳನ್ನು ಮುಂದಿನ ಕಂತಿನಲ್ಲಿ ಬಿಡಿಸಿ ನೋಡೋಣ.